ದಂಡಿನ ಬಂಗಲೆ, ಹೋಟೆಲುಗಳಿಗೆ ದುಡಿದ ಕಸುಬುಗಳು: ಕೆಲಸ ನಿಜಕ್ಕೂ ಹೇಗೆ ನಡೀತಿತ್ತು?

ಹಲಸೂರು_ಹಳಬ
ಬೆಂಗಳೂರು ದಂಡಿನ (ಬ್ರಿಟಿಷರ ಕಂಟೋನ್ಮೆಂಟ್) ವಿಷಯ ಎತ್ತಿದರೆ ಮಾತು ಅವೇ ನಾಲ್ಕು ಬೋರ್ಡುಗಳ ಸುತ್ತ ಗಿರಕಿ ಹೊಡೆಯುತ್ತದೆ. 1887ರಲ್ಲಿ ಬ್ರಾನ್ಸನ್ ಎಂಬಾಕೆ ಹತ್ತು ಕೋಣೆಯ ಬೋರ್ಡಿಂಗ್ ಹೌಸ್ ಆಗಿ ಶುರು ಮಾಡಿದ ವೆಸ್ಟ್ ಎಂಡ್ ಹೋಟೆಲು, ಸೌತ್ ಪರೇಡ್‌ನಲ್ಲಿ (ಈಗಿನ ಎಂ.ಜಿ. ರಸ್ತೆ) 1905ರ ಹಿಗಿನ್‌ಬಾಥಮ್ಸ್ ಪುಸ್ತಕದಂಗಡಿ, ಮದರಾಸಿನಿಂದ ಬಂದ ಸ್ಪೆನ್ಸರ್ ಅಂಗಡಿ, ಆಮೇಲೆ 1927ರ ರಸೆಲ್ ಮಾರ್ಕೆಟ್. ಬೋರ್ಡು ಸರಿ, ಒಳಗಿನ ಕೆಲಸ ಯಾರದು? ದಂಡು 1809ರಲ್ಲಿ ಬಂತು. 1881ರಿಂದ 1947ರವರೆಗೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಮೈಸೂರು ಸಂಸ್ಥಾನದ ಕೈಯಿಂದ ಹೊರಗೇ ಇತ್ತು. ಅಲ್ಲಿನ ಒಂದು ಬಂಗಲೆಯೋ ಹೋಟೆಲೋ ಬೆಳಗಿನಿಂದ ರಾತ್ರಿವರೆಗೆ ನಡೆಯಬೇಕಾದರೆ ಕಲಾಯಿ, ಬ್ರೆಡ್ಡು, ಸೋಡಾ, ಬಟ್ಟೆ, ನೀರು ಇಷ್ಟೂ ದಿನಾ ಆಗಬೇಕು. ಇವನ್ನು ಹೇಗೆ ಮಾಡುತ್ತಿದ್ದರು, ಏನು ಕೆಡುತ್ತಿತ್ತು, ಯಾಕೆ ಕೆಡುತ್ತಿತ್ತು ಎಂದು ಬಲ್ಲವರು ಬರೆಯಿರಿ. "ಆ ಕಾಲವೇ ಚೆಂದ" ಎಂಬ ಹಳಹಳಿಕೆಗೆ ಬೇರೆ ಎಳೆ ಇದೆ, ಅದು ಇಲ್ಲಿ ಬೇಡ.

ತಿದಿ_ಇಕ್ಕಳ
ಕಲಾಯಿಯಿಂದಲೇ ಶುರು ಮಾಡೋಣ, ಅದು ತಪ್ಪಿದರೆ ಊಟವೇ ವಿಷ. ಸಾಹೇಬರ ಅಡುಗೆಮನೆ ಎಂದರೆ ತಾಮ್ರದ ತಪ್ಪಲೆಗಳು. ತಾಮ್ರಕ್ಕೆ ವಿನಿಗರ್, ನಿಂಬೆ, ಟೊಮೇಟೊ ತಾಗಿದರೆ ಕಿಲುಬು ಏಳುತ್ತದೆ. ಅದಕ್ಕೇ ಒಳಮೈಗೆ ತವರದ ಲೇಪ. ದಿನಾ ಒಲೆ ಏರುವ ಪಾತ್ರೆಗೆ ತಿಂಗಳಿಗೊಮ್ಮೆಯಾದರೂ ಬೇಕೇ ಬೇಕು.

ಕೆಲಸ ಹೀಗೆ. ನೆಲದಲ್ಲಿ ಒಂದು ಗುಂಡಿ, ಅದಕ್ಕೆ ಮಣ್ಣಿನ ನಳಿಗೆ, ನಳಿಗೆಗೆ ತಿದಿ. ಇದ್ದಿಲು ಕೆಂಪಾಗುವ ಹೊತ್ತಿಗೆ ಪಾತ್ರೆಯನ್ನು ಹುಣಿಸೆಹುಳಿ, ಮರಳು ಹಾಕಿ ತಿಕ್ಕುತ್ತಾರೆ. ದೊಡ್ಡ ಹಂಡೆಯಾದರೆ ಒಳಗೆ ನಿಂತು, ಗೋಣಿಯ ಮೇಲೆ ಕಾಲಿಟ್ಟು, ಗೋಡೆ ಹಿಡಿದು ಸೊಂಟ ತಿರುಗಿಸುತ್ತ ಉಜ್ಜುವುದು. ತಾಮ್ರ ಗುಲಾಬಿ ಬಣ್ಣಕ್ಕೆ ಬರಬೇಕು. ಕಪ್ಪು ಚುಕ್ಕೆ ಒಂದು ಉಳಿದರೂ ಅಲ್ಲಿ ತವರ ಹಿಡಿಯುವುದಿಲ್ಲ. ತೊಳೆದು ಒಣಗಿಸಿ ಇಕ್ಕಳದಲ್ಲಿ ಹಿಡಿದು ಬೆಂಕಿಯ ಮೇಲೆ ತಿರುಗಿಸುತ್ತಾರೆ. ತವರ ಕರಗುವುದು 232 ಡಿಗ್ರಿಗೆ. ಥರ್ಮಾಮೀಟರ್ ಎಲ್ಲಿ ಬಂತು? ತವರದ ಕಡ್ಡಿಯನ್ನು ಪಾತ್ರೆಗೆ ಮುಟ್ಟಿಸಿದಾಗ ಅದು ಗೀರಿನಂತೆ ಕರಗಿ ಅಂಟಿದರೆ ಶಾಖ ಸರಿ. ಆಗ ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಉದುರಿಸಬೇಕು. ಬಿಳಿ ಹೊಗೆ ಭುಗಿಲ್ಲೆಂದು ಏಳುತ್ತದೆ, ಲೋಹದ ಮೇಲಿನ ಪೊರೆಯನ್ನು ಅದೇ ಕಿತ್ತು ಹಾಕುವುದು. ಹೊಗೆ ಇಳಿಯುವ ಮೊದಲೇ ಅರಳೆಯ ಉಂಡೆಯಿಂದ ತವರವನ್ನು ಒಂದೇ ದಿಕ್ಕಿಗೆ ಬಳಿಯುತ್ತ ಹೋಗಬೇಕು, ಕೂಡಲೇ ನೀರಿಗೆ ಅದ್ದಬೇಕು. ಒಂದು ಅಡಿಗಿಂತ ಕಿರಿದಾದ ತಪ್ಪಲೆಗೆ ಎರಡು ಮೂರು ಹುಣಿಸೆಬೀಜದಷ್ಟು ತವರ ಸಾಕು. ಹೆಚ್ಚು ಹಾಕಿದರೆ ತಳದಲ್ಲಿ ಗಂಟು ಕಟ್ಟುತ್ತದೆ, ಬಾಳಿಕೆಯೇನೂ ಹೆಚ್ಚುವುದಿಲ್ಲ.

ಶಾಖ ಮೀರಿದರೆ ಲೇಪ ಹಳದಿ ತಿರುಗುತ್ತದೆ, ನೀಲಿಯೂ ಆಗುವುದುಂಟು. ಅಂಥದ್ದನ್ನು ಮತ್ತೆ ತಿಕ್ಕಿ ಮೊದಲಿನಿಂದ ಮಾಡಬೇಕು.

ಪಾವು_ಸೇರು
ತಿದಿಯವರೇ, ತವರಕ್ಕೆ ಸೀಸ ಬೆರೆಸುವ ಕಳ್ಳಾಟ ಬಿಟ್ಟಿರಲ್ಲ! ಬಂಗಲೆಯಾಕೆಯರ ದೂರುಗಳಲ್ಲಿ ಅರ್ಧ ಅದೇ.

ತಿದಿ_ಇಕ್ಕಳ
ಬಿಟ್ಟಿಲ್ಲ, ಬರ್ತಿದ್ದೆ. ಸೀಸ ಅಗ್ಗ, ಅದೊಂದು. ಬೆರೆತದ್ದು 190 ಡಿಗ್ರಿಯ ಆಸುಪಾಸಿಗೇ ಕರಗುತ್ತದೆ, ಇದ್ದಿಲು ಉಳಿತಾಯ, ಅದಿನ್ನೊಂದು. ನುಣ್ಣಗೆ ಹರಿಯುವುದರಿಂದ ನೋಟಕ್ಕೂ ಏನೂ ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ: ಹೊಸ ಕಲಾಯಿಯ ಮೇಲೆ ಬಿಳಿ ಬಟ್ಟೆಯೋ ಕಾಗದವೋ ಒತ್ತಿ ಉಜ್ಜಿ. ಪೆನ್ಸಿಲ್ ಗೀಚಿದ ಹಾಗೆ ಬೂದು ಹತ್ತಿದರೆ ಸೀಸ ಇದೆ. ಕಡ್ಡಿಯನ್ನೇ ನೋಡುವುದಾದರೆ ಕಿವಿಯ ಹತ್ತಿರ ಬಗ್ಗಿಸಿ. ಶುದ್ಧ ತವರ ಕಿರ್ ಕಿರ್ ಅಳುತ್ತದೆ, ಸೀಸ ಹೆಚ್ಚಾದಂತೆ ಮೂಗ.

ಆದರೆ ಎಲ್ಲ ತಪ್ಪನ್ನೂ ಕಲಾಯಿ ಸಾಬರ ತಲೆಗೆ ಕಟ್ಟಬೇಡಿ. ಹದಿನೈದೇ ದಿನಕ್ಕೆ ತಾಮ್ರ ಇಣುಕಿತು ಎಂದರೆ ಹೆಚ್ಚಿನ ಸಲ ಪಾತ್ರೆ ತೊಳೆಯುವವನು ಮರಳು, ಇಟ್ಟಿಗೆಪುಡಿ ಹಾಕಿ ಉಜ್ಜಿರುತ್ತಾನೆ. ಇಲ್ಲವೇ ಅಡುಗೆಯವನು ಅದರಲ್ಲೇ ತುಪ್ಪ ಕಾಯಿಸಿ ಕರಿದಿರುತ್ತಾನೆ. ತುಪ್ಪ 232 ಡಿಗ್ರಿ ದಾಟಿತೆಂದರೆ ತಳದ ತವರ ಕರಗಿ ಒಂದು ಮೂಲೆಗೆ ಸರಿಯುತ್ತದೆ. ಕರಿಯಲು ಕಬ್ಬಿಣದ ಬಾಣಲೆ, ಬೇಯಿಸಲು ಕಲಾಯಿ ತಪ್ಪಲೆ ಎಂಬ ನಿಯಮ ಹುಟ್ಟಿದ್ದೇ ಹಾಗೆ.

ಒಲೆಬಾಯಿ
ಬ್ರೆಡ್ಡಿಗೆ ಬರ್ತೀನಿ. ಡಬ್ಬಿಯ ಒಣ ಯೀಸ್ಟ್ ಇಲ್ಲದ ಕಾಲ. ದಕ್ಷಿಣದ ದಂಡುಗಳಲ್ಲೆಲ್ಲ ಹಿಟ್ಟು ಉಬ್ಬಿಸಿದ್ದು ಕಳ್ಳು. ನಮ್ಮ ಕಡೆ ಸಿಗುತ್ತಿದ್ದದ್ದು ಹೆಚ್ಚಾಗಿ ಈಚಲ ಕಳ್ಳು. ನಸುಕಿನಲ್ಲಿ ಇಳಿಸಿದ್ದು ಸಿಹಿ, ಮಧ್ಯಾಹ್ನಕ್ಕೆ ನೊರೆ, ಸಂಜೆಗೆ ಹುಳಿ, ಮರುದಿನ ವಿನಿಗರ್. ಬ್ರೆಡ್ಡಿಗೆ ಬೇಕಾದ್ದು ನೊರೆಯ ಹೊತ್ತಿನದು, ಅದರಲ್ಲೂ ತಳದ ಗಸಿ. ಯೀಸ್ಟ್ ಕೂತಿರುವುದು ಅಲ್ಲೇ.

ಈಗ ಮಾಡಿ ನೋಡುವವರಿಗೆ ಅಳತೆ: ಹಿಟ್ಟು 500 ಗ್ರಾಂ, ಗಸಿ ಸಮೇತ ಕಳ್ಳು 200 ಮಿ.ಲೀ., ನೀರು 100 ಮಿ.ಲೀ., ಉಪ್ಪು ಎರಡು ಚಿಕ್ಕ ಚಮಚಕ್ಕೆ ಸ್ವಲ್ಪ ಕಡಿಮೆ. ಅರ್ಧ ಹಿಟ್ಟನ್ನು ಕಳ್ಳಿನಲ್ಲಿ ಕಲಸಿ ರಾತ್ರಿ ಮುಚ್ಚಿಡಿ. ಬೆಳಗ್ಗೆ ಅದು ಜೇನುಗೂಡಿನ ಹಾಗೆ ತೂತು ತೂತಾಗಿರಬೇಕು. ಉಳಿದ ಹಿಟ್ಟು, ಉಪ್ಪು, ನೀರು ಸೇರಿಸಿ ನಾದಿ, ಮತ್ತೆ ಉಬ್ಬಲು ಬಿಟ್ಟು, ಅಚ್ಚಿಗೆ ಹಾಕಿ. ಉಪ್ಪನ್ನು ರಾತ್ರಿಯೇ ಹಾಕಿದರೆ ಉಬ್ಬು ನಿಧಾನ.

ಹಿಟ್ಟಿನ ವಿಷಯವೂ ಇದೆ. ಒಳ್ಳೆ ಬ್ರೆಡ್ಡಿಗೆ ಬಜಾರಿನ ಮೈದಾ ಒಲ್ಲೆ, ರವೆ ಬೇಕು ಅನ್ನುತ್ತಿದ್ದರು. ಮದರಾಸು ಕಡೆಯ ಇಂಗ್ಲಿಷಿನಲ್ಲಿ ಅದಕ್ಕೆ 'ರೊಲಾಂಗ್' ಎಂಬ ಹೆಸರು. ಪೋರ್ಚುಗೀಸರ ಪದ, ನಮ್ಮ ಸಣ್ಣ ರವೆಯೇ. ಅದನ್ನು ಮೊದಲೇ ನೆನೆಸಿ ನಾದಬೇಕು, ಇಲ್ಲದಿದ್ದರೆ ತಿನ್ನುವಾಗ ಹಲ್ಲಿಗೆ ಸಿಗುತ್ತದೆ.

ಒಲೆ ಇಟ್ಟಿಗೆಯ ಗುಮ್ಮಟ. ಒಳಗೇ ಸೌದೆ ಉರಿಸಿ, ಗೋಡೆ ಕಾದ ಮೇಲೆ ಕೆಂಡವನ್ನೆಲ್ಲ ಎಳೆದು ಹಾಕಿ, ಕೋಲಿಗೆ ಕಟ್ಟಿದ ಒದ್ದೆ ಗೋಣಿಯಿಂದ ನೆಲ ಒರೆಸುವುದು. ಒಂದು ಚಿಟಿಕೆ ಹಿಟ್ಟು ಒಳಗೆ ಎಸೆಯಿರಿ: ನಿಧಾನಕ್ಕೆ ಕಂದು ತಿರುಗಿದರೆ ಬ್ರೆಡ್ಡು ಇಡಬಹುದು. ತಟ್ಟನೆ ಕಪ್ಪಾದರೆ ಬಾಗಿಲು ತೆಗೆದು ಕಾಯಬೇಕು. ಅವಸರಪಟ್ಟರೆ ಮೇಲೆ ಕರಕಲು, ನಡುವೆ ಹಸಿ.

ಬಟ್ಟೆಗಂಟು
ದಂಡಿನ ಬ್ರೆಡ್ಡು ಹುಳಿ ಎಂದು ಬೈದವರೇ ಹೆಚ್ಚಲ್ವಾ? ಅದು ಕಳ್ಳಿನ ತಪ್ಪೋ ಕೈಯ ತಪ್ಪೋ?

ಒಲೆಬಾಯಿ
ಹೊತ್ತಿನ ತಪ್ಪು. ಹಳೆಯ ಕಳ್ಳಿನಲ್ಲಿ ಯೀಸ್ಟಿಗಿಂತ ಹುಳಿ ಮಾಡುವ ಜೀವಿಗಳದೇ ರಾಜ್ಯ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಹಿಟ್ಟು ಏಳುವುದಿಲ್ಲ ಎಂದು ಕಳ್ಳು ಜಾಸ್ತಿ ಸುರಿದರೆ ಉಬ್ಬುವ ಮೊದಲೇ ಹುಳಿ ಏರುತ್ತದೆ. ಹುಳಿ ಹೆಚ್ಚಾದರೆ ಹಿಟ್ಟಿನ ಜಿಗುಟು ಹೋಗಿ ಬ್ರೆಡ್ಡು ಚಪ್ಪಟೆ. ಅದನ್ನು ಮುಚ್ಚಲು ಅಡುಗೆ ಸೋಡಾ ಹಾಕಿದರೋ, ಹಳದಿ ಚುಕ್ಕೆ, ಸಾಬೂನಿನ ವಾಸನೆ. ಮದ್ದು ಒಂದೇ: ಕಳ್ಳು ಅಷ್ಟೇ ಇರಲಿ, ಪಾತ್ರೆಯನ್ನು ಒಲೆಯ ಬದಿ ಬೆಚ್ಚಗಿಡಿ. ಕಳ್ಳು ಬೇಡ ಅನ್ನುವವರು ಹಾಪ್ಸ್ (ಬಿಯರಿಗೆ ಹಾಕುವ ಕಹಿ ಹೂ) ಕಷಾಯ, ಬೇಯಿಸಿ ಕಿವುಚಿದ ಆಲೂಗಡ್ಡೆ, ಸಕ್ಕರೆ ಸೇರಿಸಿ ಬಾಟಲಿಯಲ್ಲಿ ಯೀಸ್ಟ್ ಸಾಕುತ್ತಿದ್ದರು. ಪ್ರತಿ ಸಲ ಸ್ವಲ್ಪ ಹಳೆಯದನ್ನು ಹೊಸದಕ್ಕೆ ಬೆರೆಸುವುದು, ನಮ್ಮ ಮೊಸರಿನ ಹೆಪ್ಪಿನ ಹಾಗೆ. ಕಾರ್ಕಿಗೆ ದಾರ ಬಿಗಿಯಬೇಕು. ಮರೆತರೆ ನಡುರಾತ್ರಿ ಢಂ.

ರಸಾಯನ_ಮೇಷ್ಟ್ರು
ಢಂ ಅಂದ ಮೇಲೆ ಗೋಲಿ ಸೋಡಾ ಬರಲೇಬೇಕು. ಈ ಬಾಟಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವನ 1870ರ ದಶಕದ ಪೇಟೆಂಟು. ಕೊರಳಲ್ಲಿ ರಬ್ಬರ್ ಉಂಗುರ, ಅದರ ಕೆಳಗೆ ಗಾಜಿನ ಗೋಲಿ. ತುಂಬುವಾಗ ಬಾಟಲಿ ತಲೆಕೆಳಗು. ನೀರು, ಗ್ಯಾಸು ಒತ್ತಡದಲ್ಲಿ ಒಳನುಗ್ಗುತ್ತವೆ, ಗೋಲಿ ಬಾಯಿಗೆ ಜಾರುತ್ತದೆ, ಯಂತ್ರದಿಂದ ಬಿಡಿಸುತ್ತಲೇ ಒಳಗಿನ ಒತ್ತಡವೇ ಅದನ್ನು ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಕಾರ್ಕೂ ಬೇಡ, ತಂತಿಯೂ ಬೇಡ. ಕೊರಳ ಒಂದು ಬದಿಗೆ ಎರಡು ಗುಳಿ ಇರುತ್ತವೆ. ಬಗ್ಗಿಸುವಾಗ ಆ ಬದಿ ಕೆಳಗಿರಬೇಕು, ಗೋಲಿ ಅಲ್ಲಿ ಕೂರುತ್ತದೆ. ಉಲ್ಟಾ ಹಿಡಿದರೆ ಗೋಲಿ ಉರುಳಿ ಬಂದು ಬಾಯಿ ಮುಚ್ಚುತ್ತದೆ.

ಗ್ಯಾಸು ಎಲ್ಲಿಂದ? ಸುಣ್ಣಕಲ್ಲಿನ ಪುಡಿಗೆ ಗಂಧಕಾಮ್ಲ. ಲೆಕ್ಕ: 100 ಗ್ರಾಂ ಪುಡಿಗೆ 98 ಗ್ರಾಂ ಆಮ್ಲ, ಸಿಗುವ ಇಂಗಾಲದ ಡೈಆಕ್ಸೈಡ್ 44 ಗ್ರಾಂ. ತೊಂದರೆ ಏನೆಂದರೆ, ಜಿಪ್ಸಮ್ ಹುಟ್ಟಿ ಪುಡಿಯ ಮೇಲೆ ಹೊಪ್ಪಳಿಕೆ ಕಟ್ಟುತ್ತದೆ, ಒಳಗಿನ ಸುಣ್ಣಕ್ಕೆ ಆಮ್ಲ ತಲುಪುವುದೇ ಇಲ್ಲ. ಅದಕ್ಕೇ ಕಡಾಯಿಯೊಳಗೆ ಕೈಹಿಡಿಯಿಂದ ತಿರುಗಿಸುವ ಕಲಕುಗೋಲು. ತಿರುಗಿಸುವ ಹುಡುಗ ಒರಗಿದರೆ ಸೋಡಾ ಸಪ್ಪೆ. ಅಡುಗೆ ಸೋಡಾ ಬಳಸಿದರೆ ಹೊಪ್ಪಳಿಕೆಯ ಕಾಟವಿಲ್ಲ, ಅದೇ 98 ಗ್ರಾಂ ಆಮ್ಲಕ್ಕೆ ಗ್ಯಾಸು 88 ಗ್ರಾಂ, ಎರಡು ಪಟ್ಟು. ಗ್ಯಾಸನ್ನು ನೀರಿನ ಮೂಲಕ ಹಾಯಿಸಿ ತೊಳೆಯಬೇಕು, ಇಲ್ಲದಿದ್ದರೆ ಆಮ್ಲದ ಹನಿ ಜೊತೆಗೇ ಬರುತ್ತದೆ.

ತಿದಿಯವರ ಮಾತಿಗೆ ಇಲ್ಲೊಂದು ಕೊಂಡಿ ಇದೆ. ಗ್ಯಾಸು ಬೆರೆಸುವ ಸಿಲಿಂಡರು ತಾಮ್ರದ್ದು, ಒಳಗೆ ತವರದ ಲೇಪ. ಅದು ಸವೆದರೆ ಗ್ಯಾಸು ತುಂಬಿದ ಹುಳಿನೀರು ತಾಮ್ರವನ್ನು ಕರಗಿಸುತ್ತದೆ, ಕೊಳವೆ ಸೀಸದ್ದಾದರೆ ಸೀಸವನ್ನೂ.

ಹಲಸೂರು_ಹಳಬ
ಮೇಷ್ಟ್ರೇ, ಸೋಡಾ ಎಂದರೆ ಶುದ್ಧ ನೀರು ಎಂದು ದೊರೆಗಳು ನಂಬಿದ್ದರಲ್ಲ, ಅದು ಎಷ್ಟು ಸರಿ?

ರಸಾಯನ_ಮೇಷ್ಟ್ರು
ಪೂರ್ತಿ ನಂಬುವಂಥದ್ದಲ್ಲ. ಗ್ಯಾಸಿನ ಹುಳಿಗೆ ಕಾಲರಾ ಜೀವಿ ಬೇಗ ಸೋಲುತ್ತದೆ, ಟೈಫಾಯ್ಡಿನದು ಜಗ್ಗದೆ ಕೂತಿರುತ್ತದೆ. ಬಾವಿನೀರನ್ನು ಕುದಿಸದೆ, ಸೋಸದೆ ತುಂಬಿದರೆ ಗ್ಯಾಸು ಬರೀ ಬಿನ್ನಾಣ. ಸಾಲದ್ದಕ್ಕೆ ಖಾಲಿ ಬಾಟಲಿ ವಾಪಸು ಬಂದಾಗ ಗೋಲಿ ಅಡ್ಡ ಇರುವುದರಿಂದ ಒಳಗೆ ಬ್ರಷ್ ಹೋಗುವುದಿಲ್ಲ. ಪಲ್ಟನ್ನುಗಳು ತಮ್ಮದೇ ಸೋಡಾ ಕಾರ್ಖಾನೆ ಇಟ್ಟುಕೊಂಡದ್ದು ಶೋಕಿಗಲ್ಲ. 1890ರ ದಶಕದಲ್ಲಿ ಭಾರತದ ಬ್ರಿಟಿಷ್ ಸೈನ್ಯವನ್ನು ಟೈಫಾಯ್ಡ್ ಕಾಡಿದ ಪರಿ ಅಷ್ಟಿತ್ತು.

ತುಂಬುವವನ ಅಪಾಯವೇ ಬೇರೆ. ಕೂದಲೆಳೆಯ ಬಿರುಕಿದ್ದರೂ ಬಾಟಲಿ ಕೈಯಲ್ಲೇ ಸಿಡಿಯುತ್ತದೆ. ಮುಖಕ್ಕೆ ತಂತಿಯ ಬಲೆ, ಕೈಗೆ ದಪ್ಪ ಚರ್ಮ ಇಲ್ಲದೆ ಯಂತ್ರದ ಹತ್ತಿರ ಹೋಗುವಂತಿಲ್ಲ. ರಬ್ಬರ್ ಉಂಗುರ ಒಣಗಿದರೆ ಗ್ಯಾಸು ಸೋರುತ್ತದೆ, ಆದ್ದರಿಂದ ದಾಸ್ತಾನನ್ನು ಬಿಸಿಲಿಗಿಡಬಾರದು.

ಬಟ್ಟೆಗಂಟು
ಬಟ್ಟೆಯದು ಉದ್ದವಿದೆ, ಸಹಿಸಿಕೊಳ್ಳಿ.

ಮಡಿವಾಳರ ಕೆಲಸದ ಜೀವಾಳ ಉಬ್ಬೆ. ಬಟ್ಟೆಯನ್ನು ಚೌಳುಮಣ್ಣಿನ ನೀರಿನಲ್ಲಿ ಅದ್ದಿ ಹಿಂಡುತ್ತಾರೆ (ಆ ಮಣ್ಣಿನಲ್ಲಿರುವುದು ಬಹುಪಾಲು ವಾಷಿಂಗ್ ಸೋಡಾವೇ). ಕುದಿಯುವ ಹಂಡೆಯ ಬಾಯಿಯ ಸುತ್ತ ಗೂಡಿನ ಹಾಗೆ ಸುತ್ತಿ ಪೇರಿಸಿ, ಮೇಲೆ ಮುಚ್ಚಿ, ರಾತ್ರಿಯೆಲ್ಲ ಹಬೆ ಕೊಡುತ್ತಾರೆ. ಜಿಡ್ಡು ಚೌಳಿಗೆ ಸಿಕ್ಕಿ ಸಾಬೂನಾಗುತ್ತದೆ. ಬೆಳಗ್ಗೆ ಕೆರೆಯಲ್ಲಿ ಒಗೆದು, ಹುಲ್ಲಿನ ಮೇಲೆ ಬಿಸಿಲಿಗೆ ಹರವಿ, ನೀಲಿ, ಗಂಜಿ, ಕೊನೆಗೆ ತೆಂಗಿನ ಚಿಪ್ಪಿನ ಇದ್ದಿಲಿನ ಇಸ್ತ್ರಿ. ಹೊಳೆಯುವ ಮೇಜುಬಟ್ಟೆ ಇದರಿಂದಲೇ.

ಕೆಡುವುದು ಎಲ್ಲೆಲ್ಲಿ? ಉಣ್ಣೆ, ರೇಷ್ಮೆ ಉಬ್ಬೆಗೆ ಹೋದರೆ ಮುಗಿಯಿತು. ಅವು ಪ್ರಾಣಿಯ ನೂಲು, ಚೌಳು ಅವನ್ನೇ ತಿನ್ನುತ್ತದೆ. ಸಾಹೇಬನ ಫ್ಲಾನೆಲ್ ಷರ್ಟು ಅವನ ಮಗನ ಅಳತೆಗೆ ಬರುವುದು ಹೀಗೆ. ಸಿಂಪಿನ ಗುಂಡಿಗಳು ಕಲ್ಲಿನ ಮೇಲೆ ಚೂರು, ಅದಕ್ಕೆ ಕಳಚಿಡಬಹುದಾದ ಗುಂಡಿ ಇಡುತ್ತಿದ್ದರು. ಎಲ್ಲರೂ ತಪ್ಪು ತಿಳಿಯುವುದು ಒಂದಿದೆ: ಇಸ್ತ್ರಿಯಾದ ಮೇಲೆ ಬಿಳಿಬಟ್ಟೆಯಲ್ಲಿ ಕಾಣುವ ತುಕ್ಕಿನ ಕಲೆ ಇಸ್ತ್ರಿಪೆಟ್ಟಿಗೆಯದಲ್ಲ. ಹಳೆಯ ನೀಲಿ ಪ್ರಷ್ಯನ್ ಬ್ಲೂ ಆಗಿದ್ದರೆ ಅದರಲ್ಲಿ ಕಬ್ಬಿಣ ಇರುತ್ತದೆ. ಚೌಳು ಸರಿಯಾಗಿ ಹೋಗುವ ಹಾಗೆ ಜಾಲಿಸದೆ ನೀಲಿ ಹಾಕಿದರೆ, ಇಸ್ತ್ರಿಯ ಬಿಸಿಗೆ ಅದು ಒಡೆದು ಕಂದು ತುಕ್ಕಾಗಿ ಕೂರುತ್ತದೆ. ಅಲ್ಟ್ರಾಮರೀನ್ ನೀಲಿಗೆ ಈ ರೋಗವಿಲ್ಲ.

ಇನ್ನು ಗುರುತು. ಐವತ್ತು ಮನೆಯ ಬಟ್ಟೆ ಒಂದೇ ಹಂಡೆಗೆ ಬೀಳುವಾಗ ಗುರುತು ಚೌಳು, ಹಬೆ ಎರಡಕ್ಕೂ ಜಗ್ಗಬಾರದು. ಅದಕ್ಕೆ ಕರಿಗೇರು, ಗೇರಿನ ಜಾತಿಯ ಒಂದು ಕಾಡುಮರದ ಕಾಯಿ. ಕಾಯಿಗೆ ಸೂಜಿ ಚುಚ್ಚಿ, ಹೊರಬರುವ ಎಣ್ಣೆಯಲ್ಲಿ ಬಟ್ಟೆಯ ಮೂಲೆಗೆ ಚುಕ್ಕೆ, ಗೀಟು ಎಳೆದು, ಮೇಲೆ ಒದ್ದೆ ಸುಣ್ಣ ಒತ್ತಿದರೆ ಕಪ್ಪು ಕಚ್ಚುತ್ತದೆ. ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ. ಅಕ್ಷರವಿಲ್ಲ, ಮನೆಗೊಂದು ಚಿಹ್ನೆ: ಮೂರು ಚುಕ್ಕೆ, ಚುಕ್ಕೆಗೊಂದು ಬಾಲ, ಹೀಗೆ.

ಆ ಎಣ್ಣೆ ಚರ್ಮಕ್ಕೆ ಆಗದು. ಕಾಲರಿನ ಒಳಗೆ ಗುರುತು ಹಾಕಿದರೆ ಕತ್ತಿನ ಹಿಂದೆ, ಸೊಂಟಪಟ್ಟಿಗೆ ಹಾಕಿದರೆ ಸೊಂಟದಲ್ಲಿ ಗುರುತಿನಷ್ಟೇ ಅಗಲಕ್ಕೆ ಗುಳ್ಳೆ, ನವೆ.

ಪಾವು_ಸೇರು
ಓಹೋ, 'ಧೋಬಿ ಇಚ್' ಅಂದರೆ ಇದೇನಾ?

ಬಟ್ಟೆಗಂಟು
ಅಲ್ಲ ಅಲ್ಲ, ಇದನ್ನೇ ಎಲ್ಲರೂ ಕಲಸುತ್ತಾರೆ. ಧೋಬಿ ಇಚ್ ಎಂದು ಅವರು ಕರೆದದ್ದು ತೊಡೆಸಂದಿಯ ಹುಳಕಡ್ಡಿಯನ್ನು. ಅದು ಬೆವರಿಗೆ ಬೆಳೆಯುವ ಶಿಲೀಂಧ್ರ, ಒಗೆದವರ ಮೇಲೆ ಸುಮ್ಮನೆ ಹೊರಿಸಿದ ಹೆಸರು. ಕರಿಗೇರಿನ ಗುಳ್ಳೆ ಬೇರೆಯದೇ ಕಾಯಿಲೆ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇಲ್ಲಿಗೆ ಬಂದ ಸೈನಿಕರಲ್ಲಿ ವೈದ್ಯರು ಅದನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದರು. ಕತ್ತಿನ ಹಿಂದೆ ಒಂದೇ ಕಡೆ ಇದ್ದರೆ ಕರಿಗೇರು. ತೊಡೆಸಂದಿಯಲ್ಲಿ ಅಂಚು ಕೆಂಪಾಗಿ ಹಬ್ಬಿದರೆ ಶಿಲೀಂಧ್ರ.

ಪಾವು_ಸೇರು
ಸರಿ, ತಿದ್ದಿಕೊಂಡೆ. ನನ್ನ ಪಾಲಿನದು ಲೆಕ್ಕ. ಬಂಗಲೆಯಾಕೆಯ ಅಡುಗೆ ಪುಸ್ತಕ ಪೌಂಡಿನಲ್ಲಿ, ಅಂಗಡಿ ಸೇರಿನಲ್ಲಿ. ಅದೂ ಯಾವ ಸೇರು? ಮೈಸೂರು ಕಡೆಯ ಕಚ್ಚಾ ಸೇರು 24 ತೊಲ, ಅಂದರೆ 24 ರೂಪಾಯಿ ನಾಣ್ಯದ ತೂಕ, ಸುಮಾರು 280 ಗ್ರಾಂ. ಪಕ್ಕಾ ಸೇರು 80 ತೊಲ, 933 ಗ್ರಾಂ. ಉತ್ತರದ ಯಾವುದೋ ದಂಡಿನಿಂದ ವರ್ಗವಾಗಿ ಬಂದವಳು ಪಕ್ಕಾ ಎಂದುಕೊಂಡು "ಎರಡು ಸೇರು ಸಕ್ಕರೆ" ಎಂದರೆ ಬಂದದ್ದು ಮೂರನೇ ಒಂದು ಭಾಗಕ್ಕೂ ಕಡಿಮೆ. ಬಟ್ಲರ್ ಕದ್ದ ಎಂದು ಕೂಗಾಟ! ಒಂದು ಪೌಂಡಿಗೆ 1.6 ಕಚ್ಚಾ ಸೇರು ಎಂದು ಗೋಡೆಗೆ ಬರೆದಿಟ್ಟಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಬಟ್ಲರ್ ಏನೂ ಹೊಡೆಯುತ್ತಿರಲಿಲ್ಲ ಎಂದಲ್ಲ. ಅದಕ್ಕೆ ದಸ್ತೂರಿ ಎಂದು ಹೆಸರು, ಕೊಂಡ ಪ್ರತಿ ರೂಪಾಯಿಗೆ ಇಂತಿಷ್ಟು ಅಂಗಡಿಯವನೇ ಅವನ ಕೈಗೆ ಹಾಕುವುದು. ಯಜಮಾನಿ ತಾನೇ ಬಜಾರಿಗೆ ಹೋದರೂ ಅಂಗಡಿಯವನು ಆ ಪಾಲನ್ನು ಬೆಲೆಯಲ್ಲಿ ಬಿಡುತ್ತಿರಲಿಲ್ಲ, ಸಂಜೆ ಬಟ್ಲರ್ ಬಂದು ಒಯ್ಯುತ್ತಿದ್ದ. ದೊಡ್ಡ ಅಂಗಡಿ, ಕ್ಲಬ್ಬು, ಹೋಟೆಲಿನಲ್ಲಿ ನಗದು ಕಾಣುವುದೇ ಅಪರೂಪ. ಚೀಟಿಗೆ ಸಹಿ, ತಿಂಗಳ ಕೊನೆಗೆ ಬಿಲ್ಲು. ಪಲ್ಟನ್ ವರ್ಗವಾಗುವ ತಿಂಗಳು ಸಣ್ಣ ಅಂಗಡಿಯವನಿಗೆ ಎದೆ ಢವಢವ. ಸಾಹೇಬ ರೈಲು ಹತ್ತಿದ ಮೇಲೆ ಆ ಚೀಟಿ ಬರೀ ಕಾಗದ.

ಹಲಸೂರು_ಹಳಬ
ಹೋಟೆಲಿನ ನೀರಿನ ಲೆಕ್ಕ ನಾನೇ ಹಾಕಿದೆ. ಕೊಳಾಯಿ ಇಲ್ಲದ ಹತ್ತು ಕೋಣೆ, ಕೋಣೆಗೆ ಇಬ್ಬರು, ದಿನಕ್ಕೊಂದು ಸ್ನಾನ. ಸೀಮೆಎಣ್ಣೆ ಡಬ್ಬ 4 ಗ್ಯಾಲನ್, ಸುಮಾರು 18 ಲೀಟರ್. ತಗಡಿನ ತೊಟ್ಟಿಗೆ ಬಿಸಿ ಎರಡು ಡಬ್ಬ, ತಣ್ಣೀರು ಎರಡು. ಒಟ್ಟು 80 ಡಬ್ಬ, 1,440 ಲೀಟರ್. ಅದರಲ್ಲಿ ಅರ್ಧ ಸೌದೆ ಒಲೆಯ ಹಂಡೆಯಲ್ಲಿ ಕಾಯಬೇಕು, ಅದೂ ಬೆಳಗಿನ ಒಂದೇ ಹೊತ್ತಿಗೆ. ಇದಕ್ಕೇ ಹಳೆಯ ಬಂಗಲೆಗಳ ಬಚ್ಚಲಿಗೆ ಹೊರಗಿನಿಂದ ಬೇರೆಯೇ ಬಾಗಿಲು: ನೀರು ಹೊರುವವರು, ಕಮೋಡಿನ ಪೆಟ್ಟಿಗೆ ಒಯ್ಯುವ ಜಾಡಮಾಲಿ ಮಲಗುವ ಕೋಣೆ ದಾಟದೆ ಬರಲಿ ಅಂತ. ಒಳಗೆ ಗೇಣೆತ್ತರದ ಕಟ್ಟೆ, ಮೂಲೆಯಲ್ಲಿ ತೂಬು. ತೂಬಿಗೆ ಜಾಲರಿ ಇಲ್ಲದಿದ್ದರೆ ಹಾವು ಅಲ್ಲಿಂದಲೇ ಒಳಗೆ. ನೀರು ತರುವ ಹೆಂಗಸನ್ನು ದೊರೆಗಳು 'ಟನ್ನಿಕೆಚ್' ಎನ್ನುತ್ತಿದ್ದರು. ತಮಿಳಿನ ತಣ್ಣೀರು ಅವರ ಬಾಯಲ್ಲಿ ಹಾಗಾಯಿತು.

ಒಲೆಬಾಯಿ
ನೀರಿನ ಮಾತಿಗೆ ಒಂದು ಬಾಲ: "ಇಲ್ಲಿ ಚಹಾ ಸರಿಯಾಗಿ ಇಳಿಯುವುದಿಲ್ಲ" ಎಂಬ ದೂರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ, ನೀರು 97ಕ್ಕೇ ಕುದಿಯುತ್ತದೆ. ಕೆಟಲನ್ನು ಎಷ್ಟು ಹೊತ್ತು ಕುದಿಸಿದರೂ ಅಷ್ಟೇ. ಪಾಟನ್ನು ಮೊದಲೇ ಬಿಸಿನೀರಿನಲ್ಲಿ ತೊಳೆದು, ಒಂದು ನಿಮಿಷ ಹೆಚ್ಚು ಬಿಟ್ಟರೆ ಸರಿಹೋಗುತ್ತದೆ.

ಪಾವು_ಸೇರು
ತಿದಿಯವರೇ, ಗುಜರಿಯಲ್ಲಿ ಸಿಗುವ ಹಳೆಯ ತಾಮ್ರದ ತಪ್ಪಲೆ ಕೊಂಡು ಹೊಸ ಕಲಾಯಿ ಹಾಕಿಸಿದರೆ ಅಡುಗೆಗೆ ಆಗುತ್ತಾ?

ತಿದಿ_ಇಕ್ಕಳ
ಹಳೆಯದರ ಮೇಲೇ ಹೊಸದು ಬಳಿಸಬೇಡಿ, ಕೆಳಗೆ ಸೀಸ ಇದ್ದರೆ ಕರಗಿ ಹೊಸ ತವರಕ್ಕೂ ಬೆರೆಯುತ್ತದೆ. ಮೊದಲು ಕಾಯಿಸಿ, ಹಳೆಯ ಲೇಪವನ್ನು ಅರಳೆಯಿಂದ ಪೂರ್ತಿ ಒರೆಸಿ ತೆಗೆಸಿ. ಆಮೇಲೆ ತಾಮ್ರ ಕಾಣುವವರೆಗೆ ತಿಕ್ಕಿಸಿ. ತವರದ ಕಡ್ಡಿ ನೀವೇ ಕೊಂಡು ಹೋಗಿ, ಬಗ್ಗಿಸಿ ಕಿವಿಗೊಟ್ಟು ಕೇಳಿ. ಸೇರಿಕೆ ಬೆಸುಗೆ ಒಳಗಿದ್ದರೆ, ಅದು ಬೂದುಬಣ್ಣದ ಮೆದು ಬೆಸುಗೆಯಾಗಿದ್ದರೆ, ಆ ಪಾತ್ರೆ ಹೂಕುಂಡಕ್ಕಿರಲಿ. ಹಳದಿ ಬಣ್ಣದ ಹಿತ್ತಾಳೆ ಬೆಸುಗೆಯಾದರೆ ತೊಂದರೆಯಿಲ್ಲ.